ಎಂಜಿನ್ನಿನ ಎಣ್ಣೆಯೂ ದುರಸ್ತಿಯ ಲೆಕ್ಕವೂ

ಗಾಡಿ ನಿಂತ ಸ್ಥಳದಲ್ಲಿ ಎರಡು ಹನಿ ಎಣ್ಣೆ ಕಂಡೊಡನೆ ಒಡೆಯನ ಮನಸ್ಸು ಕಳವಳಗೊಳ್ಳುವುದು ಸಹಜವೇ. ಆ ಕಳವಳದಲ್ಲಿಯೇ ಗ್ಯಾರೇಜಿಗೆ ಹೋದವನು, ಎಂಜಿನ್ ಇಳಿಸಬೇಕೆಂಬ ಮಾತನ್ನು ಕೇಳಿ, ಸಾವಿರಾರು ರೂಪಾಯಿಗಳಿಗೆ ಒಪ್ಪಿ ಬರುತ್ತಾನೆ. ಒಪ್ಪುವ ಮೊದಲು ಆ ಎಣ್ಣೆಯು ಎಲ್ಲಿಂದ ಹೊರಟಿತೆಂಬುದನ್ನು ವಿಚಾರಿಸಬೇಕೆಂಬುದೇ ನಾವು ಇಲ್ಲಿ ಹೇಳಹೊರಟಿರುವ ಮಾತು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯಲ್ಲಿ ಈ ವಿಚಾರಣೆಯು ಮತ್ತಷ್ಟು ಅವಶ್ಯವಾಗಿದೆ. ಇಲ್ಲಿ ಸುಣ್ಣಕಲ್ಲು ಹೇರಳ. ಕಲ್ಲಿನ ಗಣಿಗಳೂ ಸಿಮೆಂಟಿನ ಕಾರ್ಖಾನೆಗಳೂ ಇರುವುದರಿಂದ ನುಣ್ಣನೆಯ ಧೂಳು ರಸ್ತೆಯಲ್ಲಿ ಏಳುತ್ತಲೇ ಇರುತ್ತದೆ. ಎಣ್ಣೆಯ ಪಸೆಯಿದ್ದೆಡೆಗೆ ಅದು ಅಂಟಿ, ದಪ್ಪನೆಯ ಕರಿಯ ಮೆತ್ತೆಯಾಗಿ, ಅಲ್ಪವಾದ ಜಿನುಗನ್ನೂ ದೊಡ್ಡ ಸೋರಿಕೆಯಂತೆ ತೋರಿಸುತ್ತದೆ.

ಎಣ್ಣೆಯು ತನ್ನ ಭಾರದಿಂದ ಕೆಳಗಿಳಿಯುತ್ತದೆ. ಓಡುವಾಗಿನ ಗಾಳಿಯು ಅದನ್ನು ಹಿಂದಕ್ಕೆ ತಳ್ಳುತ್ತದೆ. ಎಂಜಿನ್ನಿನ ನೆತ್ತಿಯಲ್ಲಿರುವ ಟ್ಯಾಪೆಟ್ ಕವರಿನ ಪ್ಯಾಕಿಂಗು ಕಾವಿಗೆ ಗಡುಸಾಗಿ ಬಿರಿದರೆ, ಎಣ್ಣೆಯು ಹಿಂಬದಿಯಲ್ಲಿ ಇಳಿದು, ಎಂಜಿನ್ನೂ ಗೇರ್‌ಬಾಕ್ಸೂ ಕೂಡುವೆಡೆಯಲ್ಲಿ ತೊಟ್ಟಿಕ್ಕಬಹುದು. ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲು ಕೆಟ್ಟರೂ ಹನಿ ಬೀಳುವುದು ಅಲ್ಲಿಯೇ. ಮೊದಲನೆಯದಕ್ಕೆ ಸಾಮಾನ್ಯವಾಗಿ ಮೇಲಿನ ಕೆಲವು ಬೋಲ್ಟುಗಳನ್ನು ಬಿಚ್ಚಿದರೆ ಸಾಕು. ಎರಡನೆಯದಕ್ಕೆ ಗೇರ್‌ಬಾಕ್ಸನ್ನೇ ಇಳಿಸಬೇಕು. ಸೀಲಿನ ಬೆಲೆಯು ಅಲ್ಪ. ಹಣದ ಬಹುಭಾಗವು ಬಿಚ್ಚಿ ಕೂಡಿಸುವ ಕೂಲಿಗೇ ಸಲ್ಲುತ್ತದೆ. ಒಂದನ್ನು ಮತ್ತೊಂದೆಂದು ಭಾವಿಸಿದರೆ ಹಣವೂ ಹೋಗಿ ಸೋರಿಕೆಯೂ ಉಳಿಯುವುದು.

ಪರೀಕ್ಷೆಯು ಕಷ್ಟವಾದುದಲ್ಲ. ಎಂಜಿನ್ನು ತಣ್ಣಗಾದ ಮೇಲೆ ಮೆತ್ತೆಯನ್ನೆಲ್ಲ ಒರೆಸಿ ತೆಗೆದು, ಸಂಶಯವಿರುವ ಸಂದುಗಳಿಗೆ ಟಾಲ್ಕಂ ಪೌಡರನ್ನು ತೆಳ್ಳಗೆ ಉದುರಿಸಿ, ಸ್ವಲ್ಪ ದೂರ ಓಡಿಸಿ ನೋಡತಕ್ಕದ್ದು. ಒದ್ದೆಯಾದ ಸ್ಥಳಗಳಲ್ಲಿ ಎಲ್ಲಕ್ಕಿಂತ ಮೇಲಿನದೂ ಮುಂದಿನದೂ ಯಾವುದೋ ಅದನ್ನೇ ಮೊದಲು ಶಂಕಿಸಬೇಕು. ರಾತ್ರಿ ಅಡಿಯಲ್ಲಿ ರಟ್ಟನ್ನು ಹಾಸಿದರೆ ಹನಿಯ ಬಣ್ಣವೂ ತಿಳಿಯುವುದು. ಕಂದು ಇಲ್ಲವೆ ಕಪ್ಪಾದರೆ ಅದು ಸಾಮಾನ್ಯವಾಗಿ ಎಂಜಿನ್ ಎಣ್ಣೆ, ಹಸುರು ಇಲ್ಲವೆ ಗುಲಾಬಿಯಾದರೆ ರೇಡಿಯೇಟರಿನ ದ್ರವ, ತಿಳಿನೀರಾದರೆ ಏರ್‌ಕಂಡಿಷನರಿನದು. ಈಚೆಗೆ ಎಣ್ಣೆ ಬದಲಾಯಿಸಿದ್ದರೆ ಫಿಲ್ಟರನ್ನೂ ಚೇಂಬರಿನ ತಳದ ಬೋಲ್ಟನ್ನೂ ಮೊದಲು ನೋಡಬೇಕು. ಬ್ರೀದರ್ ಪೈಪು ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡವು ಹೆಚ್ಚಿ, ಕೆಡದ ಸೀಲಿನಿಂದಲೂ ಎಣ್ಣೆಯನ್ನು ಹೊರದೂಡುವುದು. ಅಂತಹಲ್ಲಿ ಹೊಸ ಸೀಲು ಹಾಕಿದರೂ ಫಲವಿಲ್ಲ.

ಇಷ್ಟನ್ನು ತಿಳಿದವನು ಮೆಕ್ಯಾನಿಕ್ಕರನ್ನು ಮರ್ಯಾದೆಯಿಂದಲೇ ಕೇಳಬಹುದು: ತೊಳೆದು ನೋಡಿದಿರಾ? ಮೂಲವನ್ನು ತೋರಿಸುವಿರಾ? ಸಾಮಾನಿಗೆಷ್ಟು, ಕೂಲಿಗೆಷ್ಟು? ತೆಗೆದ ಹಳೆಯ ಭಾಗವನ್ನು ಕೊಡುವಿರಾ? ಕೆಲಸ ಬಲ್ಲವರು ಇದಕ್ಕೆ ಬೇಸರಪಡುವುದಿಲ್ಲ. ಅಂದಾಜನ್ನು ಬರಹದಲ್ಲಿ ಪಡೆಯುವುದು ಒಳ್ಳೆಯದು. ಬಿಲ್ಲನ್ನು ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಅನುಚಿತ ವ್ಯಾಪಾರ ಪದ್ಧತಿಯೆಂದೇ ಎಣಿಸುತ್ತದೆ.

ಆದರೆ ಜಿನುಗನ್ನೆಲ್ಲ ಅಲಕ್ಷಿಸಬಹುದೆಂದು ಯಾರೂ ಭಾವಿಸಬಾರದು. ಎಣ್ಣೆಯ ಕೆಂಪು ದೀಪವು ಹತ್ತಿದರೆ ಆ ಕ್ಷಣವೇ ಎಂಜಿನ್ನನ್ನು ನಿಲ್ಲಿಸಬೇಕು. ಬಿಸಿಯಾದ ಸೈಲೆನ್ಸರಿನ ಕೊಳವೆಯ ಮೇಲೆ ಎಣ್ಣೆ ಬಿದ್ದು ಹೊಗೆಯೆದ್ದರೆ ಬೆಂಕಿಯ ಭಯವುಂಟು, ಅಲ್ಲಿಯೂ ತಡಮಾಡಬಾರದು. ಉಳಿದ ಸಂದರ್ಭಗಳಲ್ಲಿ ವಾರಕ್ಕೊಮ್ಮೆ, ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಎಣ್ಣೆ ನೋಡುವ ಕಡ್ಡಿಯನ್ನು ಎತ್ತಿ ಮಟ್ಟವನ್ನು ಬರೆದಿಟ್ಟುಕೊಳ್ಳಬೇಕು. ನಾಲ್ಕು ವಾರಗಳ ಆ ಬರಹವನ್ನು ಜೇಬಿನಲ್ಲಿಟ್ಟುಕೊಂಡು ಗ್ಯಾರೇಜಿಗೆ ಹೋದರೆ, ಮಾತುಕತೆಯು ಅಂಜಿಕೆಯಿಂದಲ್ಲದೆ ಲೆಕ್ಕದಿಂದ ನಡೆಯುವುದು.