ಜಲಸಂಶೋಧನೆಯೂ ಶಾಸ್ತ್ರಗಳ ಸಮನ್ವಯವೂ

ಮಳೆಯಾಗಿ ಬಿದ್ದ ನೀರು ಇಲಾಖೆಗಳ ಗಡಿಯನ್ನರಿಯದು. ಮುಗಿಲಿನಲ್ಲಿರುವವರೆಗೆ ಅದು ಹವಾಮಾನಶಾಸ್ತ್ರಜ್ಞನ ವಿಷಯ, ಹೊಲಕ್ಕಿಳಿದರೆ ಕೃಷಿಶಾಸ್ತ್ರಜ್ಞನದು, ಬಂಡೆಯ ಬಿರುಕನ್ನು ಹೊಕ್ಕರೆ ಭೂಗರ್ಭಶಾಸ್ತ್ರಜ್ಞನದು, ಹೊಳೆಯಾಗಿ ಹರಿದರೆ ಇಂಜಿನಿಯರನದು. ನೀರು ಒಂದೇ ಆಗಿದ್ದರೂ ಅದನ್ನು ಕುರಿತ ವಿದ್ಯೆಯನ್ನು ನಾವು ಹೀಗೆ ಪಾಲುಮಾಡಿಕೊಂಡಿದ್ದೇವೆ. ಇದರಿಂದ ಪ್ರಜೆಗಳಿಗಾಗುವ ನಷ್ಟವೇನು, ಈ ಪಾಲುಗಳನ್ನು ಕೂಡಿಸುವ ಬಗೆ ಯಾವುದು ಎಂಬುದನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಬೇಸಗೆಯಲ್ಲಿ ದಕ್ಷಿಣದ ಅನೇಕ ಹೊಳೆಗಳಲ್ಲಿ ಹರಿಯುವುದು ನೆಲದೊಳಗಿಂದ ಒಸರಿ ಬಂದ ನೀರೇ. ಕೊಳವೆಬಾವಿಗಳು ಅದನ್ನು ಮೊದಲೇ ಎಳೆದುಕೊಂಡರೆ ಹೊಳೆ ಬತ್ತುವುದರಲ್ಲಿ ಆಶ್ಚರ್ಯವೇನು? ಆದರೂ ಹೊಳೆಯ ಲೆಕ್ಕವನ್ನು ಒಬ್ಬರು, ಬಾವಿಯ ಲೆಕ್ಕವನ್ನು ಮತ್ತೊಬ್ಬರು ಬರೆಯುವುದು ನಮ್ಮಲ್ಲಿ ರೂಢಿಯಾಗಿದೆ. 2016ರಲ್ಲಿ ಮಿಹಿರ್ ಶಾ ಅವರ ಅಧ್ಯಕ್ಷತೆಯ ಸಮಿತಿಯು ಕೇಂದ್ರ ಜಲ ಆಯೋಗವನ್ನೂ ಕೇಂದ್ರ ಅಂತರ್ಜಲ ಮಂಡಳಿಯನ್ನೂ ಕೂಡಿಸಿ ಒಂದು ರಾಷ್ಟ್ರೀಯ ಜಲ ಆಯೋಗವನ್ನು ರಚಿಸಬೇಕೆಂದು ಸೂಚಿಸಿದ್ದು ಈ ಕೊರತೆಯನ್ನು ಕಂಡೇ. ಸಂಸ್ಥೆಗಳನ್ನು ಕೂಡಿಸುವುದು ಸರಕಾರದ ಕೆಲಸ. ಸಂಶೋಧನೆಯಲ್ಲಿ ಕೂಡಿ ದುಡಿಯಲು ಮಾತ್ರ ಯಾವ ಶಾಸನವೂ ಬೇಕಿಲ್ಲ.

ಇದಕ್ಕೆ ನಿದರ್ಶನವು ದೂರದಲ್ಲಿಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯಲ್ಲಿ ಸುಮಾರು 84 ಚದರ ಕಿಲೋಮೀಟರಿನ ಜಲಾನಯನ ಪ್ರದೇಶವೊಂದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸಿನ ವಿಜ್ಞಾನಿಗಳೂ ಕೂಡಿ ಹಲವು ವರ್ಷಗಳಿಂದ ಅಳೆಯುತ್ತಿದ್ದಾರೆ. ಸಾಗುವಳಿಯಿಲ್ಲದ ಕಾಡಿನೊಡನೆ ಹೋಲಿಸಿ ನೋಡಲು ಬಂಡೀಪುರದ ಮೂಲೆಹೊಳೆಯಲ್ಲಿಯೂ ಅವರ ಮಾಪನಗಳುಂಟು. ಬೇರಂಬಾಡಿಯಲ್ಲಿ ಕಂಡುಬಂದ ಒಂದು ಸಂಗತಿ ವಿಚಿತ್ರವಾದುದು. ತಗ್ಗಿನಲ್ಲಿ ನೀರು ಮೇಲೆ, ದಿಣ್ಣೆಯಲ್ಲಿ ಆಳದಲ್ಲಿ ಇರತಕ್ಕುದು ಪ್ರಕೃತಿಯ ನಿಯಮ. ಇಲ್ಲಿಯೋ ತಗ್ಗಿನ ಬಾವಿಗಳಲ್ಲಿಯೇ ನೀರು ಹೆಚ್ಚು ಆಳಕ್ಕಿಳಿದಿದೆ. ಬಂಡೆಯನ್ನು ಮಾತ್ರ ಪರೀಕ್ಷಿಸಿದವನಿಗೆ ಇದು ಒಗಟಾಗಿಯೇ ಉಳಿಯುವುದು. ಒಳ್ಳೆಯ ಮಣ್ಣು ತಗ್ಗಿನಲ್ಲಿದ್ದುದರಿಂದ ರೈತರು ಅಲ್ಲಿಯೇ ಮೊದಲು ಬಾವಿ ಕೊರೆದು ಹೆಚ್ಚು ನೀರೆತ್ತಿದರೆಂಬ ಊರಿನ ಚರಿತ್ರೆಯನ್ನು ಕೇಳಿದವನಿಗೆ ಉತ್ತರವು ಸಿಕ್ಕುವುದು.

ಎರಡನೆಯ ಸಂಗತಿ ಇನ್ನೂ ಕಳವಳಕಾರಿಯಾದುದು. ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡನ್ನು ಪೈರು ಬಹುವಾಗಿ ಬಳಸದು. ಅದು ಅಂತರ್ಜಲವನ್ನು ಸೇರುತ್ತದೆ. ಅದೇ ನೀರನ್ನು ಮೇಲೆತ್ತಿ ಹೊಲಕ್ಕೆ ಹಾಯಿಸಿದಾಗ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ, ಮತ್ತೆ ಇಳಿಯುತ್ತದೆ. ಸುತ್ತು ಸುತ್ತಿಗೆ ನೀರು ಉಪ್ಪಾಗುತ್ತ ಹೋಗುತ್ತದೆ. ನೈಟ್ರೇಟಿನ ಗತಿಯೂ ಇಂತಹುದೇ. ಕುಡಿಯುವ ನೀರಿಗೆ ನಿಗದಿಯಾದ ಲೀಟರಿಗೆ 45 ಮಿಲಿಗ್ರಾಂ ಮಿತಿಯನ್ನು ಅಲ್ಲಿಯ ಕೆಲವು ಬಾವಿಗಳು ದಾಟಿವೆ. ಇದು ರಸಾಯನಶಾಸ್ತ್ರದ ಪ್ರಶ್ನೆಯೇ, ಕೃಷಿಯದೇ, ವೈದ್ಯದ್ದೇ, ಅಥವಾ 10 ಅಶ್ವಶಕ್ತಿಯವರೆಗಿನ ಪಂಪುಗಳಿಗೆ ಉಚಿತವಾಗಿ ವಿದ್ಯುತ್ತನ್ನೀಯುವ ಅರ್ಥನೀತಿಯದೇ? ಎಲ್ಲವೂ ಹೌದು. ಒಂದನ್ನು ಹಿಡಿದು ಮಿಕ್ಕವನ್ನು ಬಿಟ್ಟರೆ ಅಂಧಗಜನ್ಯಾಯವಾದೀತು.

ಹೀಗಿರಲು ಸಂಶೋಧನೆಯ ಯೋಜನೆಯು ಹೇಗಿರತಕ್ಕುದು? ಪ್ರಶ್ನೆಯನ್ನು ಎಲ್ಲ ಶಾಸ್ತ್ರಜ್ಞರೂ ಮೊದಲ ದಿನವೇ ಕೂಡಿ ಕುಳಿತು ರೂಪಿಸಬೇಕು. ಇಂಜಿನಿಯರನು ವರದಿಯನ್ನು ಮುಗಿಸಿದ ಮೇಲೆ ಸಮಾಜಶಾಸ್ತ್ರಜ್ಞನಿಂದ ಒಂದು ಅಧ್ಯಾಯವನ್ನು ಬರೆಯಿಸಿ ಅಂಟಿಸುವುದು ಸಮನ್ವಯವಲ್ಲ. ಎಲ್ಲರ ಮಾಪನವೂ ಒಂದೇ ನೆಲದಲ್ಲಿ, ಒಂದೇ ಕಾಲದಲ್ಲಿ ನಡೆದು, ಅಂಕಿಗಳು ಎಲ್ಲರಿಗೂ ದೊರೆಯಬೇಕು. ಮೂರು ವರ್ಷದ ಹಣದಿಂದ ಈ ಕಾರ್ಯವಾಗದು. ಸುಭಿಕ್ಷದ ವರ್ಷವನ್ನೂ ಬರದ ವರ್ಷವನ್ನೂ ಕಾಣುವಷ್ಟು, ಅಂದರೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದಷ್ಟು, ಅವಧಿ ಬೇಕು. ರೈತನನ್ನೂ ತಾಲ್ಲೂಕಿನ ಅಧಿಕಾರಿಯನ್ನೂ ಪ್ರಶ್ನೆಯನ್ನು ರೂಪಿಸುವಾಗಲೇ ಕೇಳಿ, ಫಲಿತಾಂಶವನ್ನು ಕನ್ನಡದಲ್ಲಿ ಗ್ರಾಮಪಂಚಾಯಿತಿಗೆ ತಲಪಿಸಬೇಕು.

ಹಲವರು ಸೇರಿದಲ್ಲಿ ಸಭೆಗಳು ಹೆಚ್ಚಿ ಕೆಲಸವು ಕಡಿಮೆಯಾದೀತೆಂದು ಕೆಲವರು ಆಕ್ಷೇಪಿಸಬಹುದು. ಅದರಲ್ಲಿ ಸತ್ಯವಿಲ್ಲದಿಲ್ಲ. ಎಲ್ಲವನ್ನೂ ಅರೆಬರೆ ಬಲ್ಲವರನ್ನು ನಾವೂ ಬಯಸೆವು; ತನ್ನ ಶಾಸ್ತ್ರದಲ್ಲಿ ಆಳವಾಗಿ ನುರಿತು, ನೆರೆಯ ಶಾಸ್ತ್ರದ ಭಾಷೆಗೆ ಕಿವಿಗೊಡುವವನೇ ಬೇಕಾದವನು. 2019ರಲ್ಲಿ ಜಗತ್ತಿನ 200ಕ್ಕೂ ಹೆಚ್ಚು ಜಲವಿಜ್ಞಾನಿಗಳು ಕೂಡಿ ಇನ್ನೂ ಬಿಡಿಸಲಾಗದ 23 ಪ್ರಶ್ನೆಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಕೊನೆಯ ಮೂರು ಜಲಕ್ಕೂ ಸಮಾಜಕ್ಕೂ ಇರುವ ಸಂಬಂಧವನ್ನು ಕುರಿತವು. ಪಂಡಿತರೇ ಒಪ್ಪಿದ ಮೇಲೆ ಹಣವನ್ನು ಮಂಜೂರುಮಾಡತಕ್ಕವರು ಅನುಮಾನಿಸುವುದೇಕೆ?

ಸಾಲಮಾಡಿ ಬಾವಿಯನ್ನು ಇನ್ನಷ್ಟು ಆಳಕ್ಕೆ ಕೊರೆಯಿಸುವ ರೈತನು ಯಾವ ಶಾಸ್ತ್ರದ ತಪ್ಪಿನಿಂದ ತನ್ನ ನೀರು ಹೋಯಿತೆಂದು ವಿಚಾರಿಸುವುದಿಲ್ಲ. ಬಾಯಾರಿದಾಗ ಬಾವಿ ತೋಡುವ ಹಳೆಯ ಚಾಳಿಯನ್ನು ಸಂಶೋಧನೆಯಲ್ಲಿಯೂ ಮುಂದುವರಿಸದೆ, ವಿಶ್ವವಿದ್ಯಾನಿಲಯಗಳೂ ಸರಕಾರದವರೂ ಜಿಲ್ಲೆಗೊಂದು ಜಲಾನಯನವನ್ನಾದರೂ ಆರಿಸಿಕೊಂಡು ಈ ಕಾರ್ಯವನ್ನು ಕೈಕೊಳ್ಳಬೇಕೆಂದು ನಾವು ಒತ್ತಾಯಪಡಿಸುತ್ತೇವೆ.