ಕಾರಿನ ಮುಂಚಕ್ರದ ‘ಕಟಕ್’ ಸದ್ದು

ಹಂಪ್ ದಾಟುವಾಗ ಕಾರಿನ ಮುಂಭಾಗದಿಂದ ‘ಕಟಕ್’ ಎಂಬ ಸದ್ದು ಬಂದರೆ ‘ಶಾಕ್ ಅಬ್ಸಾರ್ಬರ್ ಹೋಗಿದೆ’ ಎಂದು ಹಲವರು ತೀರ್ಮಾನಿಸಿಬಿಡುತ್ತಾರೆ. ಹಣ ತೆತ್ತು ಅದನ್ನು ಬದಲಾಯಿಸಿದ ಮೇಲೂ ಸದ್ದು ಹಾಗೆಯೇ ಉಳಿಯುವುದುಂಟು. ವಿದ್ಯಾರ್ಥಿ ಮಿತ್ರರೇ, ಇದನ್ನು ಭೌತಶಾಸ್ತ್ರದ ಒಂದು ಪ್ರಯೋಗವೆಂದೇ ನೋಡೋಣ.

ಇಂಥ ಸದ್ದು ಹುಟ್ಟಲು ಎರಡು ಸಂಗತಿಗಳು ಕೂಡಿಬರಬೇಕು. ಬಿಡಿಭಾಗಗಳ ನಡುವೆ ಸಡಿಲ ಇರಬೇಕು, ಮತ್ತು ಅವುಗಳ ಮೇಲಿನ ಬಲದ ದಿಕ್ಕು ಥಟ್ಟನೆ ಬದಲಾಗಬೇಕು. ಆಗ ಲೋಹ ಲೋಹಕ್ಕೆ ಬಡಿಯುತ್ತದೆ. ಇದನ್ನು ತಡೆಯಲೆಂದೇ ಹಲವು ಕೀಲುಗಳಲ್ಲಿ ರಬ್ಬರ್ ಬುಷ್‌ಗಳಿವೆ. ವರ್ಷ ಕಳೆದಂತೆ ಅವು ಗಟ್ಟಿಯಾಗಿ ಬಿರುಕು ಬಿಡುತ್ತವೆ. ಬಡಿತದ ಕಂಪನ ಉಕ್ಕಿನ ಬಾಡಿಯಲ್ಲೆಲ್ಲ ಹರಡುವುದರಿಂದ ಎಡಚಕ್ರದ ಸದ್ದು ಬಲಗಡೆ ಕೇಳಿಸಲೂಬಹುದು. ಬರೀ ಕಿವಿಯನ್ನು ನಂಬುವಂತಿಲ್ಲ.

ಮಾರುತಿ 800 ಮೊದಲ್ಗೊಂಡು ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಕಾಣುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ ಈ ವ್ಯವಸ್ಥೆಯಲ್ಲಿ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಸೇರಿ ಒಂದೇ ಕಂಬ. ಅದರ ತಲೆ ಬಾಡಿಗೆ ಅಂಟಿಕೊಂಡಿದೆ. ಕೆಳಗೆ ಚಕ್ರವನ್ನು ಹಿಡಿದಿರುವುದು ಲೋವರ್ ಆರ್ಮ್‌ನ ತುದಿಯ ಬಾಲ್ ಜಾಯಿಂಟ್. ಕಾರು ತಿರುವಿನಲ್ಲಿ ವಾಲದಂತೆ ಎಡ–ಬಲ ಚಕ್ರಗಳ ನಡುವೆ ಆಂಟಿ ರೋಲ್ ಬಾರ್ ಎಂಬ ಉಕ್ಕಿನ ಸಲಾಕೆಯೂ ಇರುತ್ತದೆ.

ಈ ಸಲಾಕೆಯ ವರ್ತನೆಯೇ ನಮಗೆ ಒಳ್ಳೆಯ ಸುಳಿವು. ಎರಡೂ ಚಕ್ರಗಳು ಒಟ್ಟಿಗೆ ಹಂಪ್ ಏರಿದರೆ ಅದು ತಿರುಚಿಕೊಳ್ಳುವುದಿಲ್ಲ. ಒಂದೇ ಚಕ್ರ ಗುಂಡಿಗಿಳಿದರೆ ತಿರುಚಿಕೊಳ್ಳುತ್ತದೆ. ಹಾಗಾಗಿ ನಿಧಾನವಾಗಿ ಹೋಗುವಾಗ, ಒಂದು ಚಕ್ರ ಮಾತ್ರ ಎದ್ದಾಗ ಸದ್ದು ಜೋರಾದರೆ ಅನುಮಾನ ಸಲಾಕೆಯ ಬುಷ್ ಅಥವಾ ಲಿಂಕ್ ಮೇಲೆ. ಇದು ಕಿರಿಕಿರಿಯೇ ಹೊರತು ಕೂಡಲೇ ಅಪಾಯವಲ್ಲ, ಖರ್ಚೂ ಕಡಿಮೆ. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಬಂದರೆ ಕಂಬದ ತಲೆಯ ಬೇರಿಂಗ್ ನೋಡಬೇಕು. ಬ್ರೇಕ್ ಹಾಕಿದಾಗ ಒಮ್ಮೆ ‘ಕಟಕ್’ ಎಂದರೆ ಲೋವರ್ ಆರ್ಮ್ ಬುಷ್. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ‘ಟಿಕ್ ಟಿಕ್’ ಎಂದು ಸಾಲಾಗಿ ಬಂದರೆ ಅದು ಸಸ್ಪೆನ್ಷನ್ನಿನದೇ ಅಲ್ಲ, ಆಕ್ಸಲ್‌ನ ಕೀಲಿನದು.

ಕಡೆಗಣಿಸಬಾರದ್ದು ಬಾಲ್ ಜಾಯಿಂಟ್. ಅದು ಕಳಚಿದರೆ ಚಕ್ರ ಹೊರಕ್ಕೆ ಮಗುಚಿ, ಕಾರು ಸ್ಟಿಯರಿಂಗಿನ ಮಾತು ಕೇಳುವುದಿಲ್ಲ. ಪರೀಕ್ಷಿಸಲು ಚಕ್ರವನ್ನು ನೆಲದಿಂದೆತ್ತಿ, ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಿಸಬೇಕು. ಆಟ ಕಂಡರೆ ಇನ್ನೊಬ್ಬರು ಬ್ರೇಕ್ ಒತ್ತಲಿ. ಆಗ ಆಟ ನಿಂತರೆ ಚಕ್ರದ ಬೇರಿಂಗ್ ಸಡಿಲ. ನಿಲ್ಲದಿದ್ದರೆ ಬಾಲ್ ಜಾಯಿಂಟ್ ಸವೆದಿರುವ ಸಾಧ್ಯತೆ ಹೆಚ್ಚು. ಅಂಥ ಕಾರನ್ನು ರಸ್ತೆಗಿಳಿಸದೆ ಮೆಕ್ಯಾನಿಕ್‌ನನ್ನೇ ಕರೆಸಬೇಕು. ಬರೀ ಜಾಕ್ ಮೇಲೆ ನಿಂತ ಕಾರಿನಡಿ ಮಾತ್ರ ಯಾರೂ ತಲೆ ಹಾಕಬೇಡಿ. ಗಟ್ಟಿಯಾದ ಸ್ಟ್ಯಾಂಡ್ ಕೊಟ್ಟಿರಲೇಬೇಕು.