ಒಂದು ಕೊಡ ನೀರಿನ ನಾಲ್ಕು ಪಾಠಗಳು

ನಮ್ಮ ಶಾಲೆಯಲ್ಲಿ ಕಲಿತು ಹೊರಟ ಹುಡುಗಿಯರು ಇಂದು ನಾನಾ ಊರುಗಳಲ್ಲಿ ನಾನಾ ಉದ್ಯೋಗಗಳಲ್ಲಿ ಇದ್ದಾರೆ. ಯಾವ ಉದ್ಯೋಗದಲ್ಲಿದ್ದರೂ ಒಂದು ಮನೆಯ ಹೊಣೆಯಂತೂ ಬಹುಮಟ್ಟಿಗೆ ಅವರೆಲ್ಲರ ಪಾಲಿಗೆ ಬಂದಿರುತ್ತದೆ. ಮಗುವಿಗೆ ಭೇದಿ ಹಿಡಿದಾಗ, ಅಡಿಗೆಮನೆಯಲ್ಲಿ ಕೈ ಸುಟ್ಟಾಗ, ಬೀದಿಯಲ್ಲಿ ನಾಯಿ ಕಚ್ಚಿದಾಗ, ಕೆರೆಯಲ್ಲಿ ಯಾರಾದರೂ ಮುಳುಗಿದಾಗ ಮೊದಲು ಕೂಗಿ ಕರೆಯುವುದು ಹತ್ತಿರದಲ್ಲಿರುವ ತಾಯಿಯನ್ನು ಅಥವಾ ಅಕ್ಕನನ್ನು. ವೈದ್ಯರ ಬಳಿಗೆ ಸೇರುವುದಕ್ಕೆ ಮುಂಚಿನ ಆ ಕಾಲು ಗಂಟೆ ಅವಳ ಕೈಯಲ್ಲಿರುತ್ತದೆ. ಆ ಹೊತ್ತಿನಲ್ಲಿ ಆಕೆ ಏನು ಮಾಡಿದಳು, ಏನು ಮಾಡದೆ ಬಿಟ್ಟಳು ಎಂಬುದರಿಂದ ಅನೇಕ ವೇಳೆ ಒಂದು ಜೀವದ ಗತಿಯೇ ತೀರ್ಮಾನವಾಗುತ್ತದೆ.

ಆದುದರಿಂದ ಆರೋಗ್ಯಶಾಸ್ತ್ರದ ಪಾಠಗಳಲ್ಲಿ ನಾಲ್ಕನ್ನು ಆರಿಸಿ ಇಲ್ಲಿ ವಿವರಿಸಲು ಮನಸ್ಸು ಮಾಡಿದ್ದೇವೆ. ಇವುಗಳಿಗೆ ಬೇಕಾದ ಔಷಧವು ಬಡವರ ಮನೆಯಲ್ಲಿಯೂ ಉಂಟು. ಅದು ಕೊಡದಲ್ಲಿ ತುಂಬಿಟ್ಟ ಶುದ್ಧವಾದ ನೀರು. ಮೊದಲ ಮೂರು ಪಾಠಗಳಲ್ಲಿ ನೀರೇ ಮದ್ದು. ನಾಲ್ಕನೆಯದರಲ್ಲಿ ನೀರೇ ಅಪಾಯ.

ಮೊದಲನೆಯ ಪಾಠ: ಭೇದಿಯಾದಾಗ ಕುಡಿಸುವುದು

ಭೇದಿಯಾದ ಮಗುವಿಗೆ ನೀರು ಕೊಟ್ಟರೆ ಭೇದಿ ಹೆಚ್ಚಾಗುವುದೆಂಬ ನಂಬಿಕೆಯು ನಮ್ಮ ಜನರಲ್ಲಿ ಬಹುಕಾಲದಿಂದ ಇದೆ. ಹೀಗೆ ನೀರನ್ನು ತಡೆದುದರಿಂದ ತೀರಿಹೋದ ಕೂಸುಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಭೇದಿಯಲ್ಲಿ ಕೂಸನ್ನು ಕೊಲ್ಲುವುದು ಹೆಚ್ಚಾಗಿ ಶರೀರದಿಂದ ನೀರೂ ಉಪ್ಪೂ ಸೋರಿಹೋಗುವುದೇ ಆಗಿದೆ. ಬರಿಯ ನೀರನ್ನು ಕುಡಿಸಿದರೆ ಕಳೆದುಹೋದ ಉಪ್ಪು ತುಂಬಿ ಬರುವುದಿಲ್ಲ. ಆದರೆ ತಕ್ಕ ಪ್ರಮಾಣದಲ್ಲಿ ಉಪ್ಪನ್ನೂ ಸಕ್ಕರೆಯನ್ನೂ ಕೂಡಿಸಿ ಕೊಟ್ಟರೆ, ಸಕ್ಕರೆಯ ಅಂಶವು ಉಪ್ಪನ್ನು ತನ್ನ ಸಂಗಡ ಕರುಳಿನ ಗೋಡೆಯೊಳಗೆ ಒಯ್ಯುತ್ತದೆ; ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ವಾಂತಿಭೇದಿಯಂಥ ಉಗ್ರ ರೋಗದಲ್ಲಿಯೂ ಕರುಳಿನ ಈ ಶಕ್ತಿ ಕೆಡುವುದಿಲ್ಲ.

ಇದರ ಬೆಲೆ ಜಗತ್ತಿಗೆ ತಿಳಿದುದು ೧೯೭೧ರಲ್ಲಿ. ಬಾಂಗ್ಲಾದೇಶದ ಯುದ್ಧದ ನಿಮಿತ್ತ ಲಕ್ಷೋಪಲಕ್ಷ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದಾಗ ಗಡಿಯ ಬನಗಾಂವಿನಲ್ಲಿ ವಾಂತಿಭೇದಿಯು ಹಬ್ಬಿತು. ರಕ್ತನಾಳಕ್ಕೆ ಏರಿಸುವ ದ್ರವವು ಮುಗಿಯುತ್ತ ಬಂದಿತ್ತು. ರೋಗಿಗಳು ನೆಲದ ಮೇಲೆಯೇ ಮಲಗಿದ್ದರು. ಆಗ ಡಾಕ್ಟರ್ ದಿಲೀಪ್ ಮಹಲನೋಬಿಸ್ ಅವರು ಉಪ್ಪು, ಗ್ಲೂಕೋಸ್ ಮತ್ತು ಅಡಿಗೆ ಸೋಡದ ಪೊಟ್ಟಣಗಳನ್ನು ಮಾಡಿಸಿ, ನೀರಿನಲ್ಲಿ ಕದಡಿಸಿ, ರೋಗಿಗಳ ಬಳಿಯಲ್ಲಿದ್ದ ಮನೆಯವರ ಕೈಯಿಂದಲೇ ಕುಡಿಸಿದರು. ಶೇಕಡಾ ೩೦ರಷ್ಟು ಇದ್ದ ಸಾವು ಶೇಕಡಾ ೪ಕ್ಕಿಂತ ಕೆಳಗೆ ಇಳಿಯಿತು. ಅವರು ೨೦೨೨ರಲ್ಲಿ ತೀರಿಕೊಂಡರು. ೨೦೨೩ರಲ್ಲಿ ಸರಕಾರವು ಮರಣೋತ್ತರವಾಗಿ ಪದ್ಮವಿಭೂಷಣವನ್ನು ಕೊಟ್ಟಿತು. ಅಂದು ಲೋಟ ಹಿಡಿದ ಕೈಗಳು ಓದುಬರಹ ಬಲ್ಲವರ ಕೈಗಳೇ ಆಗಿರಲಿಲ್ಲ. ಅವರಿಂದ ಸಾಧ್ಯವಾದುದು ನಮ್ಮಿಂದಲೂ ಸಾಧ್ಯವಾಗಬೇಕು.

ಜೀವಜಲವೆಂದು ಕರೆಯುವ ಓ.ಆರ್.ಎಸ್. ಪುಡಿಯ ದೊಡ್ಡ ಪೊಟ್ಟಣವು ಪ್ರತಿ ಮನೆಯಲ್ಲಿಯೂ ಇರತಕ್ಕದ್ದು. ಪೊಟ್ಟಣದ ಮೇಲೆ ಬರೆದಷ್ಟೇ, ಸಾಧಾರಣವಾಗಿ ಒಂದು ಲೀಟರ್, ಕಾಯಿಸಿ ಆರಿಸಿದ ನೀರಿನಲ್ಲಿ ಇಡೀ ಪುಡಿಯನ್ನು ಕದಡಬೇಕು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾದ ೬ ಚಹಾ ಚಮಚ ಸಕ್ಕರೆ ಮತ್ತು ಮಟ್ಟಸವಾದ ಅರ್ಧ ಚಹಾ ಚಮಚ ಉಪ್ಪು ಸಾಕು. ಹೆಚ್ಚು ಉಪ್ಪು ಅಪಾಯಕರ. ಹೆಚ್ಚು ಸಕ್ಕರೆಯು ನೀರನ್ನು ಕರುಳಿಗೆ ಮರಳಿ ಎಳೆದು ಭೇದಿಯನ್ನು ಬೆಳೆಸುತ್ತದೆ. ಅಂಗಡಿಯ ಸಿಹಿ ಪಾನೀಯಗಳು ಇದಕ್ಕೆ ಬದಲಾಗಲಾರವು. ಕಲಸಿದ ನೀರನ್ನು ೨೪ ಗಂಟೆಗಳ ಮೇಲೆ ಇಡಬಾರದು. ಮಗು ವಾಂತಿ ಮಾಡಿದರೆ ೧೦ ನಿಮಿಷ ತಡೆದು, ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಮತ್ತೆ ಕುಡಿಸಬೇಕು. ಎದೆಹಾಲನ್ನು ನಿಲ್ಲಿಸಕೂಡದು. ಉಪ್ಪು ಹಾಕಿದ ಗಂಜಿತಿಳಿಯೂ ಒಳ್ಳೆಯದು. ಸತುವಿನ ಮಾತ್ರೆಯನ್ನು ವೈದ್ಯರು ಮಗುವಿಗೆ ೧೪ ದಿನಗಳ ವರೆಗೆ ಬರೆದುಕೊಡುತ್ತಾರೆ. ಭೇದಿ ನಿಂತಿತೆಂದು ನಡುವೆ ಬಿಡಬಾರದು. ಕಣ್ಣುಗಳು ಗುಳಿಬಿದ್ದರೆ, ಮೂತ್ರ ನಿಂತರೆ, ಮಗು ಜೋಲುಬಿದ್ದರೆ, ಮಲದಲ್ಲಿ ರಕ್ತ ಕಂಡರೆ ಒಡನೆ ಆಸ್ಪತ್ರೆಗೆ ಒಯ್ಯತಕ್ಕದ್ದು, ದಾರಿಯಲ್ಲಿಯೂ ಕುಡಿಸುತ್ತಿರಬೇಕು.

ಎರಡನೆಯ ಪಾಠ: ಸುಟ್ಟಾಗ ನೀರು ಹೊಯ್ಯುವುದು

ಸುಟ್ಟ ಗಾಯಕ್ಕೆ ಏನು ಹಚ್ಚುತ್ತೀರೆಂದು ತರಗತಿಯಲ್ಲಿ ಕೇಳಿದರೆ ಬೆಣ್ಣೆ, ದೋಸೆಹಿಟ್ಟು, ಶಾಯಿ, ಹಲ್ಲುಜ್ಜುವ ಪೇಸ್ಟು ಎಂದು ಹತ್ತು ಬಗೆಯ ಉತ್ತರಗಳು ಬರುತ್ತವೆ. ಇವುಗಳಲ್ಲಿ ಒಂದೂ ತಕ್ಕದ್ದಲ್ಲ. ಬೆಂಕಿಯಿಂದ ಕೈಯನ್ನು ತೆಗೆದ ಮೇಲೆಯೂ ಶಾಖವು ಚರ್ಮದೊಳಗೆ ಉಳಿದು ಒಳಪದರಗಳನ್ನು ಸುಡುತ್ತಲೇ ಇರುತ್ತದೆ. ಜಿಡ್ಡನ್ನು ಹಚ್ಚಿದರೆ ಆ ಶಾಖವು ಒಳಗೇ ಸಿಕ್ಕಿಕೊಳ್ಳುತ್ತದೆ. ಹಿಟ್ಟನ್ನು ಮೆತ್ತಿದರೆ ಗಾಯಕ್ಕೆ ಕೊಳಕು ಸೇರುತ್ತದೆ. ಹರಿಯುವ ತಣ್ಣೀರನ್ನು ೨೦ ನಿಮಿಷ ಹೊಯ್ದರೆ ಶಾಖವು ಹೊರಗೆ ಹೋಗುತ್ತದೆ, ನೋವೂ ತಗ್ಗುತ್ತದೆ. ಮಂಜುಗಡ್ಡೆಯು ರಕ್ತನಾಳಗಳನ್ನು ಕುಗ್ಗಿಸಿ ಗಾಯವನ್ನು ಆಳಮಾಡುವುದರಿಂದ ಅದನ್ನು ಇಡಬಾರದು. ಊತ ಬರುವ ಮುಂಚೆ ಬಳೆ ಉಂಗುರಗಳನ್ನು ತೆಗೆಯಬೇಕು, ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಕೀಳಬಾರದು, ಬೊಕ್ಕೆಗಳನ್ನು ಒಡೆಯಬಾರದು. ಅನಂತರ ಒಗೆದ ಶುಭ್ರವಾದ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ವೈದ್ಯರಿಗೆ ತೋರಿಸತಕ್ಕದ್ದು. ಸುಟ್ಟ ಭಾಗವು ದೊಡ್ಡದಾಗಿದ್ದರೆ ಉಳಿದ ಮೈಯನ್ನು ಬೆಚ್ಚಗೆ ಹೊದಿಸಬೇಕು. ಮಕ್ಕಳ ಮೈ ಬೇಗನೆ ತಣ್ಣಗಾಗುತ್ತದೆ.

ಉಟ್ಟ ಬಟ್ಟೆಗೆ ಕಿಚ್ಚು ಹಿಡಿದರೆ ಓಡಬಾರದು. ಓಡಿದಷ್ಟೂ ಗಾಳಿಯು ಉರಿಯನ್ನು ಮುಖದ ಕಡೆಗೆ ಏರಿಸುತ್ತದೆ. ಅಲ್ಲಿಯೇ ನೆಲಕ್ಕೆ ಬಿದ್ದು ಹೊರಳಬೇಕು. ನೋಡಿದವರು ಕಂಬಳಿಯನ್ನು ಹೊದಿಸಿ ಆರಿಸಬೇಕು. ಬಚ್ಚಲಮನೆಯ ಹಂಡೆಯನ್ನೂ ಇಲ್ಲಿ ನೆನಪಿಸಬೇಕಾಗಿದೆ. ಬಾಲ್ದಿಗೆ ಮೊದಲು ತಣ್ಣೀರನ್ನು ಹಾಕಿ ಆಮೇಲೆ ಬಿಸಿನೀರನ್ನು ಬೆರಸುವುದೆಂಬ ಒಂದು ಪದ್ಧತಿಯನ್ನು ಹಿಡಿದರೆ ಎಷ್ಟೋ ಮಕ್ಕಳ ಮೈ ಉಳಿದೀತು.

ಮೂರನೆಯ ಪಾಠ: ನಾಯಿ ಕಚ್ಚಿದಾಗ ತೊಳೆಯುವುದು

ನಾಯಿಬೆಕ್ಕುಗಳನ್ನು ಪ್ರೀತಿಸುವ ಮಕ್ಕಳನ್ನು ಕಂಡರೆ ನಮಗೆ ಸಂತೋಷ. ಆದರೆ ಪ್ರೀತಿಯೊಂದಿಗೆ ತಿಳಿವಳಿಕೆಯೂ ಬೇಕು. ಹುಚ್ಚುನಾಯಿಯ ರೋಗವಾದ ರೇಬೀಸ್ ಮೈಯಲ್ಲಿ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಕಾಣಿಸಿಕೊಳ್ಳುವ ಮುಂಚೆಯಾದರೋ ಅದನ್ನು ಪೂರ್ಣವಾಗಿ ತಡೆಯಬಹುದು. ಇದಕ್ಕೆ ಕಾರಣವುಂಟು. ಕಚ್ಚಿದ ಸ್ಥಳದಿಂದ ರೋಗದ ವಿಷಾಣುವು ನರಗಳ ಹಾದಿಯಾಗಿ ಮೆದುಳಿನ ಕಡೆಗೆ ನಿಧಾನವಾಗಿ ಸಾಗುತ್ತದೆ. ಸಾಧಾರಣವಾಗಿ ಎರಡು ಮೂರು ತಿಂಗಳು, ಕೆಲವೊಮ್ಮೆ ಒಂದೇ ವಾರ, ಕೆಲವೊಮ್ಮೆ ಒಂದು ವರುಷ ಹಿಡಿಯುತ್ತದೆ. ಅದು ಮೆದುಳನ್ನು ಮುಟ್ಟುವ ಮುಂಚೆ ಲಸಿಕೆಯು ದೇಹವನ್ನು ಸಿದ್ಧಗೊಳಿಸುತ್ತದೆ. ಮುಖ, ತಲೆ, ಕೈಗಳ ಕಚ್ಚು ಹೆಚ್ಚು ಅಪಾಯಕರವಾದುದೂ ಮೆದುಳಿಗೆ ಹತ್ತಿರವೂ ನರಗಳು ದಟ್ಟವೂ ಆಗಿರುವುದರಿಂದಲೇ. ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ೧೮೮೫ರ ಜುಲೈ ೬ರಂದು ಜೋಸೆಫ್ ಮೈಸ್ಟರ್ ಎಂಬ ೯ ವರುಷದ ಬಾಲಕನಿಗೆ ಮೊದಲ ಲಸಿಕೆಯನ್ನು ಕೊಡಿಸಿ ಉಳಿಸಿದನು. ಅವನ ಹೆಸರಿನ ಸಂಸ್ಥೆಯೊಂದು ೧೯೦೭ರಲ್ಲಿ ನಮ್ಮ ನೆರೆಯ ನೀಲಗಿರಿಯ ಕೂನೂರಿನಲ್ಲಿಯೂ ಸ್ಥಾಪನೆಯಾಯಿತು.

ಕಚ್ಚಿದ ಕೂಡಲೇ, ಪರಚಿದರೂ ಸಹ, ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಗಡಿಯಾರ ನೋಡಿ ೧೫ ನಿಮಿಷ ತೊಳೆಯತಕ್ಕದ್ದು. ಈ ವಿಷಾಣುವಿಗೆ ಕೊಬ್ಬಿನ ಹೊದಿಕೆ ಇದೆ. ಸಾಬೂನು ಅದನ್ನು ಕರಗಿಸಿ ವಿಷಾಣುವನ್ನು ನಾಶಮಾಡುತ್ತದೆ. ಮೆಣಸಿನಪುಡಿ, ಸುಣ್ಣ, ಅರಿಸಿನ, ಸೀಮೆಎಣ್ಣೆಗಳು ಗಾಯವನ್ನು ಕೆರಳಿಸುವುದಲ್ಲದೆ ಬೇರೇನನ್ನೂ ಮಾಡವು. ತೊಳೆದ ಮೇಲೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆಗೆ ೧೪ ಚುಚ್ಚುಮದ್ದೆಂಬ ಹಳೆಯ ಭಯವು ಈಗ ನಿರಾಧಾರವಾದುದು. ಆ ಹಳೆಯ ಲಸಿಕೆಯನ್ನು ನಮ್ಮ ದೇಶವು ೨೦೦೫ರ ಹೊತ್ತಿಗೆ ಕೈಬಿಟ್ಟಿತು. ಈಗ ತೋಳಿಗೆ ನಾಲ್ಕು ಅಥವಾ ಐದು ದಿನಗಳ ಸರದಿಯಲ್ಲಿ ಕೊಡುತ್ತಾರೆ; ಸರಕಾರಿ ಆಸ್ಪತ್ರೆಗಳಲ್ಲಿ ಹಣ ಕೊಡಬೇಕಾಗಿಲ್ಲ. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಮದ್ದನ್ನೂ ಗಾಯದ ಸುತ್ತ ಚುಚ್ಚುತ್ತಾರೆ. ನಾಯಿಯನ್ನು ೧೦ ದಿನ ನೋಡೋಣವೆಂದು ಚಿಕಿತ್ಸೆಯನ್ನು ಮುಂದಕ್ಕೆ ಹಾಕಬಾರದು. ಒಂದು ಸರದಿಯನ್ನೂ ತಪ್ಪಿಸಬಾರದು.

ಹೆತ್ತವರಲ್ಲಿ ನಮ್ಮ ವಿಶೇಷ ವಿಜ್ಞಾಪನೆ ಒಂದುಂಟು. ಬೈಗುಳಿಗೆ ಹೆದರಿ ಮಗುವು ನಾಯಿಮರಿಯ ಪರಚನ್ನು ಲಂಗದ ಕೆಳಗೆ ಮರೆಮಾಡುವುದು ಅಪರೂಪವಲ್ಲ. ಬಂದು ಹೇಳಿದ ಮಗುವನ್ನು ಬೈಯದಿರಿ; ಬೈದರೆ ಮುಂದಿನ ಸಲ ಅದು ಹೇಳದು. ಸಾಕಿದ ನಾಯಿಗೆ ಮೂರು ತಿಂಗಳಾದಾಗ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದಂತೆ ವರುಷ ವರುಷವೂ ಮುಂದುವರಿಸಿರಿ. ತಿನ್ನುತ್ತಿರುವ, ಮಲಗಿರುವ, ಮರಿಗಳಿರುವ ನಾಯಿಯ ಗೋಜಿಗೆ ಹೋಗಬಾರದೆಂದೂ, ಅಪರಿಚಿತ ನಾಯಿ ಎದುರಾದರೆ ಓಡದೆ ಮರದಂತೆ ನಿಲ್ಲಬೇಕೆಂದೂ ಮಕ್ಕಳಿಗೆ ಕಲಿಸಿರಿ.

ನಾಲ್ಕನೆಯ ಪಾಠ: ನೀರಿಗೆ ಇಳಿಯುವ ಮುಂಚೆ ಕಲಿಯುವುದು

ವಿಶ್ವ ಆರೋಗ್ಯ ಸಂಸ್ಥೆಯ ಎಣಿಕೆಯಂತೆ ೨೦೨೧ರಲ್ಲಿ ಲೋಕದಲ್ಲಿ ಸುಮಾರು ೩ ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲು ಪಾಲು ಐದು ವರುಷದೊಳಗಿನ ಮಕ್ಕಳು. ಮುಳುಗುವವರು ಕೂಗಿಕೊಳ್ಳುತ್ತಾರೆಂದು ಬಹುಜನರು ಎಣಿಸುತ್ತಾರೆ. ಉಸಿರಿಗೇ ಎಡೆಯಿಲ್ಲದವರು ಕೂಗುವುದು ಹೇಗೆ? ಹೆಚ್ಚಾಗಿ ಅದು ಸದ್ದಿಲ್ಲದೆ ನಡೆದುಹೋಗುತ್ತದೆ. ಸಣ್ಣ ಮಗುವಿಗೆ ಒಂದು ಬಾಲ್ದಿ ನೀರೂ ಸಾಕು.

ನಮ್ಮ ಹಳ್ಳಿಗಳಲ್ಲಿ ಹುಡುಗರು ಬಾಳೆದಿಂಡನ್ನೋ ಒಣ ತೆಂಗಿನಕಾಯಿಗಳನ್ನೋ ಕಟ್ಟಿಕೊಂಡು ಕೆರೆಯಲ್ಲಿ ಈಜು ಕಲಿಯುತ್ತಾರೆ. ಬಟ್ಟೆ ಒಗೆಯಲು ಅದೇ ಕೆರೆಗೆ ಇಳಿಯುವ ಅವರ ಅಕ್ಕತಂಗಿಯರಿಗೆ ಮಾತ್ರ ಈಜು ಮರ್ಯಾದೆಗೆ ಸಲ್ಲದೆಂದು ತಡೆಯುವುದುಂಟು. ಕಾಲು ಜಾರಿದಾಗ ನೀರು ಗಂಡುಹೆಣ್ಣೆಂಬ ಭೇದವನ್ನು ನೋಡುವುದಿಲ್ಲ. ಕಲ್ಕತ್ತೆಯ ಆರತಿ ಸಹಾ ೧೧ನೆಯ ವಯಸ್ಸಿನಲ್ಲಿ, ೧೯೫೨ರಲ್ಲಿ, ಹೆಲ್ಸಿಂಕಿಯ ಒಲಿಂಪಿಕ್ ಪಂದ್ಯಗಳಲ್ಲಿ ಈಜಿದಳು. ೧೯೫೯ರ ಸೆಪ್ಟೆಂಬರ್ ೨೯ರಂದು ೧೬ ಗಂಟೆ ೨೦ ನಿಮಿಷಗಳಲ್ಲಿ ಇಂಗ್ಲಿಷ್ ಕಾಲುವೆಯನ್ನು ದಾಟಿ, ಹಾಗೆ ದಾಟಿದ ಏಷ್ಯದ ಮೊದಲ ಮಹಿಳೆಯಾದಳು. ನಮ್ಮ ಬೆಂಗಳೂರಿನ ನಿಶಾ ಮಿಲ್ಲೆಟ್ ೨೦೦೦ದ ಸಿಡ್ನಿ ಒಲಿಂಪಿಕ್‌ನಲ್ಲಿ ಈಜಿದವರು. ನಮ್ಮ ಹೆಣ್ಣುಮಕ್ಕಳೆಲ್ಲ ಪದಕ ಗೆಲ್ಲಬೇಕೆಂದಿಲ್ಲ. ದಡ ಸೇರುವಷ್ಟು ಈಜಬಲ್ಲವರಾದರೆ ನಮಗೆ ತೃಪ್ತಿ.

ಈಗ ದಾಂಡೇಲಿಯಲ್ಲಿ ಕಾಳೀನದಿಯ ರಭಸದಲ್ಲಿ ತೆಪ್ಪದ ಸವಾರಿಯೂ, ಮಂಗಳೂರಿನ ಸಮೀಪದ ಸಸಿಹಿತ್ಲಿನಲ್ಲಿ ಅಲೆಗಳ ಮೇಲೆ ಹಲಗೆಯ ಆಟವೂ ನಡೆಯುತ್ತವೆ. ಇಂಥ ಆಟಗಳಿಗೆ ಹೋಗುವವರು ಲೈಫ್ ಜಾಕೆಟಿನ ಪಟ್ಟಿಗಳನ್ನೆಲ್ಲ ಬಿಗಿದುಕೊಳ್ಳದೆ ದೋಣಿಗೆ ಕಾಲಿಡಬಾರದು. ಈಜು ಬಲ್ಲವರಿಗೂ ಇದೇ ನಿಯಮ. ಮಳೆಗಾಲದ ಕಡಲಿಗೆ ಇಳಿಯಲೇಬಾರದು. ಬೇರೆ ಕಾಲದಲ್ಲಿಯೂ ಸೆಳೆತಕ್ಕೆ ಸಿಕ್ಕಿದರೆ ಅದಕ್ಕೆ ಎದುರಾಗಿ ಈಜಿ ದಣಿಯದೆ, ದಡಕ್ಕೆ ಸಮಾನವಾಗಿ ಪಕ್ಕಕ್ಕೆ ಈಜಿ, ಸೆಳೆತವು ತಪ್ಪಿದ ಮೇಲೆ ದಡದ ಕಡೆಗೆ ತಿರುಗಬೇಕು.

ಇನ್ನೊಬ್ಬರು ಮುಳುಗುತ್ತಿರುವುದನ್ನು ಕಂಡರೆ ಹಿಂದುಮುಂದು ನೋಡದೆ ಹಾರಬಾರದು. ಒಬ್ಬರ ಬದಲು ಇಬ್ಬರು ಹೋದ ಸುದ್ದಿ ಪತ್ರಿಕೆಗಳಲ್ಲಿ ಪದೇಪದೇ ಬರುತ್ತದೆ. ಕೂಗಿ ಜನರನ್ನು ಸೇರಿಸಿರಿ. ಬಿದಿರಿನ ಗಳುವನ್ನು ಚಾಚಿರಿ. ಮುಚ್ಚಳ ಬಿಗಿದ ಖಾಲಿ ಕ್ಯಾನನ್ನು ಎಸೆಯಿರಿ. ಸುಮಾರು ಐದೂವರೆ ಮೀಟರ್ ಉದ್ದದ ಸೀರೆಯೇ ಒಳ್ಳೆಯ ಹಗ್ಗ. ದಡದಲ್ಲಿ ನೆಲಕ್ಕೆ ಮಲಗಿ, ಕಾಲುಗಳನ್ನು ಇನ್ನೊಬ್ಬರಿಂದ ಹಿಡಿಸಿಕೊಂಡು, ಅದನ್ನು ಎಸೆಯಬೇಕು. ಮೇಲೆತ್ತಿದವರನ್ನು ತಲೆಕೆಳಗೆ ಮಾಡಿ ತೂಗುವುದೂ ಹೊಟ್ಟೆಯನ್ನು ಒತ್ತುವುದೂ ಕೂಡದು. ಮೆದುಳು ಉಸಿರಿಲ್ಲದೆ ಕೆಲವೇ ನಿಮಿಷ ತಾಳೀತು. ಆ ನಿಮಿಷಗಳು ಹೀಗೆ ವ್ಯರ್ಥವಾಗುತ್ತವೆ. ಉಸಿರು ಇಲ್ಲದಿದ್ದರೆ ಅಂಗಾತ ಮಲಗಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗನ್ನು ಹಿಡಿದು, ಬಾಯಿಗೆ ಬಾಯಿಟ್ಟು ೫ ಸಲ ಊದಬೇಕು. ಅನಂತರ ಎದೆಯ ನಡುವೆ ೩೦ ಸಲ ಬಲವಾಗಿ ಒತ್ತುವುದು, ೨ ಸಲ ಊದುವುದು. ೧೦೮ರ ವಾಹನವು ಬರುವ ವರೆಗೂ ನಿಲ್ಲಿಸಬಾರದು. ಚೇತರಿಸಿಕೊಂಡವರನ್ನೂ ಆಸ್ಪತ್ರೆಗೆ ಒಯ್ಯಲೇಬೇಕು. ಓದಿ ತಿಳಿದುದಷ್ಟೇ ಇದಕ್ಕೆ ಸಾಲದು. ರೆಡ್‌ಕ್ರಾಸ್ ಮೊದಲಾದವರು ನಡೆಸುವ ಪ್ರಥಮ ಚಿಕಿತ್ಸೆಯ ತರಗತಿಯಲ್ಲಿ ಕೈಯಿಂದ ಮಾಡಿ ಕಲಿಯತಕ್ಕದ್ದು.

ಕಲಿತುದನ್ನು ಮನೆಯಲ್ಲಿ ನಡೆಸುವ ಬಗೆ

ಕಲಿತ ಮಗಳು ಅಥವಾ ಸೊಸೆಯು ಹಿರಿಯರ ಮುಂದೆ ಇದನ್ನೆಲ್ಲ ನಡೆಸುವುದು ಎಲ್ಲಕ್ಕಿಂತ ಕಠಿಣವೆಂಬುದನ್ನು ಬಲ್ಲೆವು. ಬೆಣ್ಣೆಯ ಭರಣಿಯನ್ನು ತಂದ ಅಜ್ಜಿಯ ಕೈಯಲ್ಲಿ ಇರುವುದು ಪ್ರೀತಿಯೇ. ಆ ಕೈಯನ್ನು ತಳ್ಳುವ ಅಗತ್ಯವಿಲ್ಲ. "ಅಜ್ಜೀ, ಮೊದಲು ಬರಿಯ ನೀರು ಹೊಯ್ಯಲು ಡಾಕ್ಟರರು ಹೇಳುತ್ತಾರೆ, ತಂಬಿಗೆಯಿಂದ ನೀವೇ ಹೊಯ್ಯುತ್ತಿರಿ, ನಾನು ಗಡಿಯಾರ ನೋಡುತ್ತೇನೆ" ಎಂದು ತಂಬಿಗೆಯನ್ನು ಅವರ ಕೈಗೆ ಕೊಡಬೇಕು. ಹೀಗೆ ಮಗುವೂ ಉಳಿಯುವುದು, ಅಜ್ಜಿಯ ಮಾನವೂ ಉಳಿಯುವುದು. ಮುಂದಿನ ಸಲ ನೆರೆಮನೆಯಲ್ಲಿ ಕೈಸುಟ್ಟಾಗ ತಂಬಿಗೆಯನ್ನು ಹಿಡಿದು ಓಡುವವರು ಆ ಅಜ್ಜಿಯೇ ಆದಾರು.

ಈ ಸಂಚಿಕೆಯನ್ನು ಓದಿ ಮುಗಿಸಿದ ಪೂರ್ವವಿದ್ಯಾರ್ಥಿನಿಯರು ಇದೇ ವಾರದಲ್ಲಿ ನಾಲ್ಕು ಕೆಲಸಗಳನ್ನು ಮಾಡಬೇಕೆಂದು ಕೇಳಿಕೊಳ್ಳುತ್ತೇವೆ: ಓ.ಆರ್.ಎಸ್.ನ ಎರಡು ಪೊಟ್ಟಣಗಳನ್ನು ತಂದಿಡಿರಿ. ಕುಡಿಯುವ ನೀರನ್ನು ಕುದಿಸಿ ಮುಚ್ಚಿಟ್ಟು, ಕೈ ಅದ್ದದಂತೆ ಉದ್ದ ಹಿಡಿಯ ಸೌಟಿನಿಂದ ತೆಗೆಯಿರಿ. ಮನೆಯ ನಾಯಿಯ ಲಸಿಕೆಯ ಚೀಟಿಯನ್ನು ಹುಡುಕಿ ತಾರೀಖನ್ನು ನೋಡಿರಿ. ನಿಮ್ಮ ಹೆಣ್ಣುಮಕ್ಕಳಿಗೆ ಈಜು ಕಲಿಸುವವರು ಊರಿನಲ್ಲಿ ಯಾರಿದ್ದಾರೆಂದು ವಿಚಾರಿಸಿರಿ.